ಅಮೆರಿಕದ ಅಂತರ್ಯುದ್ಧವನ್ನು ಓದುವ ಕ್ರಮ: ಮೂರು ಅಂಕಣಗಳ ಒಂದು ಹಾಳೆ

ವಿಜಯನಗರದ ಸ್ಪರ್ಧಾತ್ಮಕ ಪರೀಕ್ಷೆಗಳ ತರಗತಿಯೊಂದರಲ್ಲಿ ವಿಶ್ವ ಇತಿಹಾಸವನ್ನು ಬೋಧಿಸಲು ಆರಂಭಿಸಿದ ಮೊದಲ ವರ್ಷ ನಾನು ಅಮೆರಿಕದ ಅಂತರ್ಯುದ್ಧವನ್ನು ಕದನಗಳ ಪಟ್ಟಿಯಾಗಿ ಹೇಳಿಕೊಟ್ಟೆ. ಬುಲ್ ರನ್, ಶೈಲೋ, ಆಂಟೀಟಮ್, ಗೆಟ್ಟಿಸ್‌ಬರ್ಗ್ ಎಂದು ವಿದ್ಯಾರ್ಥಿಗಳು ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದರು. ಪಾಠ ಮುಗಿದ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, 1863ರ ಜುಲೈನಲ್ಲಿ ಗೆಟ್ಟಿಸ್‌ಬರ್ಗ್‌ನಲ್ಲಿ ಉತ್ತರದವರು ಗೆದ್ದ ಮೇಲೂ ಯುದ್ಧ ಇನ್ನೂ ಇಪ್ಪತ್ತೊಂದು ತಿಂಗಳು ನಡೆದದ್ದು ಯಾಕೆ? ಅಷ್ಟು ದಿನ ಗುಲಾಮರು ಏನು ಮಾಡುತ್ತಿದ್ದರು?" ಎಂದು ಕೇಳಿದಳು. ಎರಡು ಪ್ರಶ್ನೆಗಳಿಗೂ ನನ್ನ ಟಿಪ್ಪಣಿಯಲ್ಲಿ ಉತ್ತರವಿರಲಿಲ್ಲ. ಆ ಉತ್ತರಗಳು ತಾವಾಗಿಯೇ ಮೇಲೆದ್ದು ಬರುವಂತೆ ಈ ಯುದ್ಧವನ್ನು ಓದುವ ಕ್ರಮವೊಂದನ್ನು ಮುಂದಿನ ವರ್ಷಗಳಲ್ಲಿ ರೂಢಿಸಿಕೊಂಡೆ. ಪರೀಕ್ಷೆಗಾಗಿ ಓದುವವರಿಗೂ ಕುತೂಹಲಕ್ಕಾಗಿ ಓದುವವರಿಗೂ ಅದು ಒದಗೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಬೇಕಾದ ಸಾಮಗ್ರಿ ಹೆಚ್ಚಿಲ್ಲ. ದೊಡ್ಡದೊಂದು ಡ್ರಾಯಿಂಗ್ ಹಾಳೆ, ಸ್ಕೇಲು, ಮೂರು ಬಣ್ಣದ ಪೆನ್ನು, ಮತ್ತು ಅಮೆರಿಕದ ನದಿಗಳನ್ನು ಸ್ಪಷ್ಟವಾಗಿ ತೋರಿಸುವ ಒಂದು ನಕಾಶೆ ಇದ್ದರೆ ಸಾಕು. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಲ್ಲಿ ಸಿಗುವ ಶಾಲಾ ಅಟ್ಲಾಸ್ ಈ ಕೆಲಸಕ್ಕೆ ಮೊಬೈಲಿನ ನಕಾಶೆಗಿಂತ ಮೇಲು. ಮೊಬೈಲು ಹೆದ್ದಾರಿಗಳನ್ನು ಎತ್ತಿ ತೋರಿಸಿ ನದಿಗಳನ್ನು ಮಸುಕು ಮಾಡುತ್ತದೆ, ಈ ಯುದ್ಧವಾದರೋ ನದಿಗಳ ಮೇಲೆ ನಿಂತಿದೆ. ಮನೆಯಲ್ಲಿ ಜಾಗವಿಲ್ಲದವರು ಕಬ್ಬನ್ ಪಾರ್ಕಿನೊಳಗಿನ ರಾಜ್ಯ ಕೇಂದ್ರ ಗ್ರಂಥಾಲಯದ ಮೇಜಿನ ಮೇಲೆ ಹಾಳೆಯನ್ನು ಹರಡಿಕೊಂಡು ಕೂರಬಹುದು.

ಹಾಳೆಯಲ್ಲಿ ಮೂರು ಅಂಕಣಗಳನ್ನು ಎಳೆಯಿರಿ. ಮೊದಲನೆಯದಕ್ಕೆ 'ಪೂರ್ವ ರಣರಂಗ', ಎರಡನೆಯದಕ್ಕೆ 'ಪಶ್ಚಿಮ ರಣರಂಗ', ಮೂರನೆಯದಕ್ಕೆ 'ಗುಲಾಮರು' ಎಂದು ತಲೆಬರಹ ಕೊಡಿ. ಎಡ ಅಂಚಿನಲ್ಲಿ 1861ರಿಂದ 1865ರವರೆಗೆ ತಿಂಗಳುಗಳನ್ನು ಬರೆದುಕೊಳ್ಳಿ. ಸಾಮಾನ್ಯ ಪಠ್ಯಗಳಲ್ಲಿ ಮೊದಲ ಅಂಕಣ ಮಾತ್ರ ತುಂಬಿರುತ್ತದೆ, ಎರಡನೆಯದು ಅರೆಬರೆಯಾಗಿರುತ್ತದೆ, ಮೂರನೆಯದರಲ್ಲಿ ವಿಮೋಚನಾ ಘೋಷಣೆ ಹೊರಟ 1863ರ ಜನವರಿ 1 ಎಂಬ ಒಂದೇ ಒಂದು ದಿನಾಂಕ ಕುಳಿತಿರುತ್ತದೆ. ನಾವು ಮಾಡಬೇಕಾದದ್ದು ಆ ಮೂರನೆಯ ಅಂಕಣವನ್ನು ಉಳಿದೆರಡರಷ್ಟೇ ಶ್ರದ್ಧೆಯಿಂದ ತುಂಬುವುದು.

ಮೊದಲು ಪದಗಳು

ತುಂಬಲು ಕೂರುವ ಮೊದಲು ಪದಗಳನ್ನು ಸ್ಥಿರಪಡಿಸಿಕೊಳ್ಳಬೇಕು. ಕನ್ನಡದ ಪಠ್ಯಗಳಲ್ಲಿ ಉತ್ತರದ ಪಕ್ಷವನ್ನೂ ದಕ್ಷಿಣದ ಪಕ್ಷವನ್ನೂ 'ಒಕ್ಕೂಟ' ಎಂದೇ ಕರೆದು ಗೊಂದಲವೆಬ್ಬಿಸುವುದುಂಟು. ವಾಷಿಂಗ್ಟನ್ ರಾಜಧಾನಿಯಾಗಿದ್ದ ಪಕ್ಷಕ್ಕೆ ಮಾತ್ರ 'ಒಕ್ಕೂಟ' ಎನ್ನಿ; ಬೇರ್ಪಟ್ಟು ರಿಚ್ಮಂಡನ್ನು ರಾಜಧಾನಿ ಮಾಡಿಕೊಂಡ ಹನ್ನೊಂದು ರಾಜ್ಯಗಳ ಪಕ್ಷಕ್ಕೆ 'ಕಾನ್ಫೆಡರಸಿ' ಎಂಬ ಮೂಲ ಪದವನ್ನೇ ಉಳಿಸಿಕೊಳ್ಳಿ. (ಬೆಂಗಳೂರಿನ ವಿದ್ಯಾರ್ಥಿಗಳಿಗೆ ರಿಚ್ಮಂಡ್ ಎಂದೊಡನೆ ಮೇಲ್ಸೇತುವೆಯ ಕೆಳಗಿನ ಸರ್ಕಲ್ಲೇ ಕಣ್ಣಿಗೆ ಬರುತ್ತದೆ, ಇಲ್ಲಿ ಹೇಳುತ್ತಿರುವುದು ವರ್ಜೀನಿಯಾದ ಊರು.) ಇನ್ನೊಂದು ಪದ 'ಜೀತ'. ಗುಲಾಮಗಿರಿಗೆ ಜೀತವೆಂದು ಬರೆಯಬೇಡಿ. ಜೀತದಾಳು ಸಾಲಕ್ಕೆ ಕಟ್ಟುಬಿದ್ದವನು, ಅವನ ಬಾಳೂ ಘೋರವೇ. ಆದರೆ ಅಮೆರಿಕದ ಗುಲಾಮ ಕಾನೂನಿನ ಕಣ್ಣಿನಲ್ಲಿ ಆಸ್ತಿ. ಅವನನ್ನು ಹರಾಜು ಹಾಕಬಹುದಾಗಿತ್ತು, ಅಡಮಾನ ಇಡಬಹುದಾಗಿತ್ತು, ಉಯಿಲಿನಲ್ಲಿ ಬರೆದುಕೊಡಬಹುದಾಗಿತ್ತು, ಅವನ ಹೆಂಡತಿ ಮಕ್ಕಳನ್ನು ಬೇರೆ ಬೇರೆ ಊರಿಗೆ ಮಾರಬಹುದಾಗಿತ್ತು. ಗುಲಾಮ ತಾಯಿಗೆ ಹುಟ್ಟಿದ ಮಗು ಹುಟ್ಟುತ್ತಲೇ ಗುಲಾಮ. ಈ ಭೇದ ಮನಸ್ಸಿನಲ್ಲಿಲ್ಲದಿದ್ದರೆ ದಕ್ಷಿಣದ ಭೂಮಾಲೀಕರು ಏನನ್ನು ಉಳಿಸಿಕೊಳ್ಳಲು ಯುದ್ಧಕ್ಕಿಳಿದರೆಂಬುದು ಅರ್ಥವಾಗುವುದಿಲ್ಲ.

ಕದನಗಳ ಹೆಸರಿನಲ್ಲೂ ಒಂದು ತೊಡಕಿದೆ. ಉತ್ತರದವರು ಸಾಮಾನ್ಯವಾಗಿ ಹತ್ತಿರದ ಹಳ್ಳ ಹೊಳೆಗಳ ಹೆಸರಿನಿಂದಲೂ ದಕ್ಷಿಣದವರು ಹತ್ತಿರದ ಊರಿನ ಹೆಸರಿನಿಂದಲೂ ಕದನಗಳನ್ನು ಗುರುತಿಸುತ್ತಿದ್ದರು. ಬುಲ್ ರನ್ ಮತ್ತು ಮನಾಸಸ್ ಒಂದೇ. ಆಂಟೀಟಮ್ ಮತ್ತು ಶಾರ್ಪ್ಸ್‌ಬರ್ಗ್ ಒಂದೇ. ಎರಡು ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡು ಓದುವವರು ಒಂದು ಕದನವನ್ನು ಎರಡೆಂದು ಎಣಿಸಿದ್ದನ್ನು ನಾನು ನೋಡಿದ್ದೇನೆ.

ಕಾರಣವನ್ನು ಅವರ ಬಾಯಿಂದಲೇ ಕೇಳಿ

ಹಾಳೆಯ ಮೇಲಂಚಿನಲ್ಲಿ, 1861ಕ್ಕೂ ಮೇಲೆ, ನಾಲ್ಕು ಬೆರಳಷ್ಟು ಜಾಗ ಬಿಟ್ಟು ಕಾರಣಗಳನ್ನು ಬರೆಯಿರಿ. 1820ರ ಮಿಸೂರಿ ಒಪ್ಪಂದವು 36 ಡಿಗ್ರಿ 30 ನಿಮಿಷದ ಅಕ್ಷಾಂಶ ರೇಖೆಯನ್ನು ಎಳೆದು, ಮಿಸೂರಿಯೊಂದನ್ನು ಬಿಟ್ಟರೆ ಆ ಪಶ್ಚಿಮ ಸೀಮೆಯಲ್ಲಿ ಅದರ ಉತ್ತರಕ್ಕೆ ಗುಲಾಮಗಿರಿ ಕೂಡದೆಂದಿತು. 1850ರ ಕಾನೂನು ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ ಹೊಣೆಯನ್ನು ಉತ್ತರದ ಜನರ ತಲೆಗೂ ಕಟ್ಟಿತು. 1854ರ ಕ್ಯಾನ್ಸಸ್–ನೆಬ್ರಾಸ್ಕಾ ಕಾಯಿದೆ ಹಳೆಯ ರೇಖೆಯನ್ನೇ ಅಳಿಸಿಹಾಕಿತು. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮ ಬಿಡುಗಡೆಗಾಗಿ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕರಿಯರು ಈ ದೇಶದ ಪ್ರಜೆಗಳಾಗಲಾರರು, ಹೊಸ ಪ್ರಾಂತ್ಯಗಳಲ್ಲಿ ಗುಲಾಮಗಿರಿಯನ್ನು ನಿಷೇಧಿಸುವ ಅಧಿಕಾರ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಇಲ್ಲ ಎಂದು ತೀರ್ಪಿತ್ತಿತು. 1859ರ ಅಕ್ಟೋಬರಿನಲ್ಲಿ ಗುಲಾಮಗಿರಿಯ ಕಡುವಿರೋಧಿ ಜಾನ್ ಬ್ರೌನ್ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರದ ಮೇಲೆ ದಾಳಿಯಿಟ್ಟು ಗಲ್ಲಿಗೇರಿದ. 1860ರ ನವೆಂಬರ್ 6ರಂದು ನಾಲ್ವರು ಅಭ್ಯರ್ಥಿಗಳ ಸ್ಪರ್ಧೆಯಲ್ಲಿ ಅಬ್ರಹಾಂ ಲಿಂಕನ್ ಶೇಕಡ 40ಕ್ಕೂ ತುಸು ಕಡಿಮೆ ಮತ ಪಡೆದು ಅಧ್ಯಕ್ಷನಾಗಿ ಆಯ್ಕೆಯಾದ. ಗುಲಾಮಗಿರಿ ಇರುವಲ್ಲಿ ಅದನ್ನು ಮುಟ್ಟುವುದಿಲ್ಲ, ಹೊಸ ಪ್ರಾಂತ್ಯಗಳಿಗೆ ಹರಡಗೊಡುವುದಿಲ್ಲ ಎಂಬುದಷ್ಟೇ ಆಗ ಅವನ ಪಕ್ಷದ ನಿಲುವಾಗಿತ್ತು. ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನಾ ಬೇರ್ಪಟ್ಟಿತು. 1861ರ ಫೆಬ್ರವರಿ 1ರ ಹೊತ್ತಿಗೆ ಏಳು ರಾಜ್ಯಗಳು ಹೊರನಡೆದಿದ್ದವು.

ಇಲ್ಲಿ ನಮ್ಮ ಓದುಗರು ಎಡವುವ ಕಲ್ಲೊಂದಿದೆ. ತೆರಿಗೆಯ ಪಾಲು, ಕೇಂದ್ರ–ರಾಜ್ಯ ತಕರಾರುಗಳ ನಡುವೆ ಬೆಳೆದ ನಮಗೆ 'ರಾಜ್ಯಗಳ ಹಕ್ಕಿಗಾಗಿ ದಕ್ಷಿಣದವರು ಹೋರಾಡಿದರು' ಎಂಬ ಮಾತು ಬಲುಬೇಗ ರುಚಿಸುತ್ತದೆ. ಅದನ್ನು ಒಪ್ಪುವ ಮೊದಲು ಮೂರು ದಾಖಲೆಗಳನ್ನು ಓದಿ. ಮೂರೂ ದಕ್ಷಿಣದವರೇ ಬರೆದವು, ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಮೊದಲನೆಯದು, ಬೇರ್ಪಡುವ ಕಾರಣಗಳನ್ನು ವಿವರಿಸಿದ ಮಿಸಿಸಿಪಿ ರಾಜ್ಯದ ಘೋಷಣೆ. ತಮ್ಮ ನಿಲುವು ಗುಲಾಮಗಿರಿಯ ವ್ಯವಸ್ಥೆಯೊಂದಿಗೆ ಪೂರ್ತಿಯಾಗಿ ಒಂದಾಗಿದೆಯೆಂದು ಅದು ಆರಂಭದಲ್ಲೇ ಹೇಳುತ್ತದೆ. ಎರಡನೆಯದು, ಕಾನ್ಫೆಡರಸಿಯ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾದಲ್ಲಿ ಮಾಡಿದ ಭಾಷಣ. ಕರಿಯರು ಬಿಳಿಯರಿಗೆ ಸಮಾನರಲ್ಲ ಎಂಬುದೇ ತಮ್ಮ ಹೊಸ ಸರ್ಕಾರದ ಮೂಲೆಗಲ್ಲೆಂದು ಅವನು ಅಲ್ಲಿ ಸಾರಿದ. ಮೂರನೆಯದು ಕಾನ್ಫೆಡರಸಿಯ ಸಂವಿಧಾನ. ಗುಲಾಮರ ಮೇಲಿನ ಆಸ್ತಿ ಹಕ್ಕಿಗೆ ಕುಂದು ತರುವ ಯಾವ ಕಾನೂನನ್ನೂ ಮಾಡಕೂಡದೆಂದು ಅದು ತನ್ನ ಶಾಸನಸಭೆಯನ್ನೇ ಕಟ್ಟಿಹಾಕಿತು. ಓಡಿಹೋದವರನ್ನು ಹಿಡಿದುಕೊಡುವಂತೆ ಉತ್ತರದ ರಾಜ್ಯಗಳ ಮೇಲೆ ಕೇಂದ್ರ ಸರ್ಕಾರ ಬಲ ಪ್ರಯೋಗಿಸಬೇಕೆಂದು ಹತ್ತು ವರ್ಷ ಒತ್ತಾಯಿಸಿದವರೂ ಇವರೇ. ರಾಜ್ಯಗಳ ಹಕ್ಕಿನ ಮಾತು ಎಲ್ಲಿ ನಿಲ್ಲುತ್ತದೆಂದು ನೋಡಲು ಅಷ್ಟು ಸಾಕು.

ನದಿಗಳನ್ನು ನೋಡುವುದು

ಇನ್ನು ನಕಾಶೆ. ವಾಷಿಂಗ್ಟನ್ನಿಗೂ ರಿಚ್ಮಂಡಿಗೂ ನಡುವಿನ ದೂರ ಬೆಂಗಳೂರಿನಿಂದ ಮೈಸೂರಿಗೆ ಇರುವುದಕ್ಕಿಂತ ಸ್ವಲ್ಪವೇ ಹೆಚ್ಚು. ಎರಡು ವೈರಿ ರಾಜಧಾನಿಗಳು ಇಷ್ಟು ಹತ್ತಿರವಿದ್ದೂ ಒಂದು ಇನ್ನೊಂದನ್ನು ಹಿಡಿಯಲು ನಾಲ್ಕು ವರ್ಷ ಏಕೆ ಬೇಕಾಯಿತು? ಮೈಸೂರಿಗೆ ಹೋಗುವವರು ರಾಮನಗರದಲ್ಲಿ ಅರ್ಕಾವತಿಯನ್ನು, ಮದ್ದೂರಿನಲ್ಲಿ ಶಿಂಷೆಯನ್ನು, ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ಅಡ್ಡಡ್ಡ ದಾಟಿಕೊಂಡು ಹೋಗುತ್ತಾರೆ. ಒಂದೊಂದು ಸೇತುವೆಯ ಆಚೆ ದಡದಲ್ಲೂ ಫಿರಂಗಿಗಳು ಕಾದು ಕುಳಿತಿವೆಯೆಂದು ಊಹಿಸಿಕೊಳ್ಳಿ. ವರ್ಜೀನಿಯಾದ ನದಿಗಳೂ ಹಾಗೆಯೇ ಪಶ್ಚಿಮದಿಂದ ಪೂರ್ವಕ್ಕೆ ಹರಿದು, ದಕ್ಷಿಣಕ್ಕೆ ಸಾಗುವ ಸೈನ್ಯದ ದಾರಿಗೆ ಅಡ್ಡಲಾಗಿ ಮಲಗಿವೆ: ಪೊಟೊಮ್ಯಾಕ್, ರಾಪಹನಾಕ್, ನಾರ್ತ್ ಅನ್ನಾ, ಚಿಕಹಾಮಿನಿ. ರಕ್ಷಿಸಿಕೊಳ್ಳುವವರಿಗೆ ಒಂದೊಂದು ನದಿಯೂ ಒಂದೊಂದು ಕೋಟೆಗೋಡೆ.

ಆಪಲೇಚಿಯನ್ ಬೆಟ್ಟಸಾಲಿನ ಪಶ್ಚಿಮಕ್ಕೆ ಕಣ್ಣು ಹೊರಳಿಸಿದರೆ ಚಿತ್ರವೇ ಬೇರೆ. ಅಲ್ಲಿ ಮಿಸಿಸಿಪಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಟೆನಿಸೀ ಮತ್ತು ಕಂಬರ್ಲೆಂಡ್ ನದಿಗಳು ಕಾನ್ಫೆಡರಸಿಯ ಒಡಲಿನಿಂದ ಬಂದು ಉತ್ತರದ ಒಹಾಯೋ ನದಿಯನ್ನು ಸೇರುತ್ತವೆ. ಆವಿಯ ಹಡಗು ಇದ್ದವರಿಗೆ ಅವು ಗೋಡೆಗಳಲ್ಲ, ಒಳನುಗ್ಗುವ ರಾಜಬೀದಿಗಳು. ಈ ನದಿಗಳಿಗೆ ನೀಲಿ ಬಣ್ಣ ಹಚ್ಚಿ ಹಾಳೆಯ ಪಕ್ಕದಲ್ಲಿಟ್ಟುಕೊಳ್ಳಿ. ಪೂರ್ವದ ಅಂಕಣ ಬಹುಕಾಲ ನಿಂತಲ್ಲೇ ನಿಂತಿರುವುದೂ ಪಶ್ಚಿಮದ ಅಂಕಣ ಸರಸರನೆ ಮುಂದುವರಿಯುವುದೂ ಏಕೆಂದು ಆಮೇಲೆ ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ.

ಬಲಾಬಲದ ಲೆಕ್ಕವನ್ನು ನಕಾಶೆಯ ಮೂಲೆಯಲ್ಲಿ ಬರೆದಿಡಿ. 1860ರ ಜನಗಣತಿಯಂತೆ ದೇಶದ ಜನಸಂಖ್ಯೆ ಸುಮಾರು 3.14 ಕೋಟಿ, ಅದರಲ್ಲಿ ಗುಲಾಮರು ಸುಮಾರು 39.5 ಲಕ್ಷ. ಕಾನ್ಫೆಡರಸಿಯ ಹನ್ನೊಂದು ರಾಜ್ಯಗಳ ಸುಮಾರು 90 ಲಕ್ಷ ಜನರಲ್ಲಿ 35 ಲಕ್ಷ ಜನ ಗುಲಾಮರೇ. ಕಾರ್ಖಾನೆಗಳೂ ರೈಲುಹಳಿಗಳೂ ಬಹುಪಾಲು ಉತ್ತರದಲ್ಲಿದ್ದವು. ಆದರೆ ದಕ್ಷಿಣ ಗೆಲ್ಲಬೇಕಿರಲಿಲ್ಲ, ಸೋಲದೆ ಉಳಿದರೆ ಸಾಕಿತ್ತು, ಉತ್ತರ ಗೆಲ್ಲಲೇಬೇಕಿತ್ತು.

ಹಾಳೆಯನ್ನು ತುಂಬುವುದು

1861 ಚಿಕ್ಕದು. ಏಪ್ರಿಲ್ 12ರ ಬೆಳಗಿನ ಜಾವ ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ಕಾನ್ಫೆಡರಸಿಯ ಫಿರಂಗಿಗಳು ಹಾರಿದವು; ಮರುದಿನ ಕೋಟೆ ಶರಣಾಯಿತು. 15ರಂದು ಲಿಂಕನ್ 75,000 ಸ್ವಯಂಸೇವಕರನ್ನು ಕರೆದ. ಅದರ ಬೆನ್ನಿಗೇ ವರ್ಜೀನಿಯಾ, ಆರ್ಕನ್ಸಾ, ಟೆನಿಸೀ, ಉತ್ತರ ಕೆರೊಲಿನಾ ಬೇರ್ಪಟ್ಟವು. ಗುಲಾಮಗಿರಿಯಿದ್ದರೂ ಒಕ್ಕೂಟದಲ್ಲೇ ಉಳಿದ ನಾಲ್ಕು ಗಡಿ ರಾಜ್ಯಗಳನ್ನು, ಅಂದರೆ ಮಿಸೂರಿ, ಕೆಂಟಕಿ, ಮೇರಿಲೆಂಡ್, ಡೆಲವೇರ್‌ಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ; ಕೊನೆಯಲ್ಲಿ ಇವು ಮತ್ತೆ ಬರುತ್ತವೆ. ಜುಲೈ 21ರಂದು ಬುಲ್ ರನ್‌ನಲ್ಲಿ ಒಕ್ಕೂಟದ ಸೈನ್ಯ ಚದುರಿ ವಾಷಿಂಗ್ಟನ್ನಿಗೆ ಓಡಿಬಂತು.

ಮೂರನೆಯ ಅಂಕಣದ ಮೊದಲ ನಮೂದು ಬುಲ್ ರನ್ನಿಗಿಂತ ಎರಡು ತಿಂಗಳು ಹಿಂದಿನದು. 1861ರ ಮೇ ತಿಂಗಳಲ್ಲಿ ಮೂವರು ಗುಲಾಮರು ವರ್ಜೀನಿಯಾ ಕರಾವಳಿಯ ಮನ್ರೋ ಕೋಟೆಗೆ ರಾತ್ರಿ ದೋಣಿಯಲ್ಲಿ ಬಂದು ಒಕ್ಕೂಟದ ಸೈನ್ಯದ ಆಶ್ರಯ ಕೇಳಿದರು. ಅವರನ್ನು ಮರಳಿ ಕೊಡಿರೆಂದು ಎದುರಾಳಿ ಅಧಿಕಾರಿ ಬಂದಾಗ, ವೃತ್ತಿಯಿಂದ ವಕೀಲನಾಗಿದ್ದ ಜನರಲ್ ಬೆಂಜಮಿನ್ ಬಟ್ಲರ್ ಒಂದು ಪಟ್ಟು ಹಾಕಿದ: ನೀವೇ ಇವರನ್ನು ಆಸ್ತಿಯೆನ್ನುತ್ತೀರಿ, ಈ ಆಸ್ತಿ ನಮ್ಮ ವಿರುದ್ಧ ಕೋಟೆ ಕಟ್ಟಲು ಬಳಕೆಯಾಗುತ್ತಿತ್ತು, ಆದ್ದರಿಂದ ಯುದ್ಧದ ನಿಯಮದಂತೆ ಜಪ್ತಿ. ಸುದ್ದಿ ಹರಡಿತು, ಕೆಲವೇ ವಾರಗಳಲ್ಲಿ ನೂರಾರು ಜನ ಆ ಕೋಟೆಗೆ ನಡೆದುಬಂದರು. ಆಗಸ್ಟ್ 6ರಂದು ಕಾಂಗ್ರೆಸ್ಸು ಈ ವಾದವನ್ನೇ ಕಾನೂನಾಗಿಸಿತು. ವಾಷಿಂಗ್ಟನ್ನಿನಲ್ಲಿ ಯಾರೂ ವಿಮೋಚನೆಯ ಮಾತೆತ್ತದಿದ್ದ ದಿನಗಳಲ್ಲಿ ಆ ಮೂವರು ಪ್ರಶ್ನೆಯನ್ನು ಕೋಟೆಯ ಬಾಗಿಲಿಗೇ ತಂದು ನಿಲ್ಲಿಸಿದ್ದರು. ಈ ನಮೂದಿನ ಮೇಲೆ ನಾನು ತರಗತಿಯಲ್ಲಿ ಅರ್ಧ ಗಂಟೆ ನಿಲ್ಲುತ್ತೇನೆ.

1862ರಲ್ಲಿ ಎರಡು ರಣರಂಗಗಳ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಪಶ್ಚಿಮದಲ್ಲಿ ಫೆಬ್ರವರಿ 6ರಂದು ಟೆನಿಸೀ ನದಿಯ ಹೆನ್ರಿ ಕೋಟೆ, 16ರಂದು ಕಂಬರ್ಲೆಂಡ್ ನದಿಯ ಡಾನೆಲ್ಸನ್ ಕೋಟೆ ಒಕ್ಕೂಟದ ಜನರಲ್ ಯುಲಿಸಿಸ್ ಗ್ರಾಂಟನ ಪಡೆಗೆ ಬಿದ್ದವು. ಏಪ್ರಿಲ್ 6 ಮತ್ತು 7ರಂದು ಶೈಲೋದಲ್ಲಿ ಎರಡೂ ಕಡೆ ಸೇರಿ 23,000ಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು. ಅಲ್ಲಿಯವರೆಗೆ ಯುದ್ಧ ಬೇಗ ಮುಗಿದೀತೆಂದು ನಂಬಿದ್ದವರು ಆ ನಂಬಿಕೆಯನ್ನು ಬಿಟ್ಟರು. ತಿಂಗಳ ಕೊನೆಯಲ್ಲಿ ಒಕ್ಕೂಟದ ಫ್ಯಾರಗಟನ ನೌಕಾಪಡೆ ದಕ್ಷಿಣದ ಅತಿದೊಡ್ಡ ನಗರವಾದ ನ್ಯೂ ಆರ್ಲಿಯನ್ಸನ್ನು ಹಿಡಿಯಿತು. ಅದೇ ಹೊತ್ತಿನಲ್ಲಿ ಪೂರ್ವದಲ್ಲಿ ಒಕ್ಕೂಟದ ಜನರಲ್ ಜಾರ್ಜ್ ಮೆಕ್ಲೆಲನ್ ದೊಡ್ಡ ಸೈನ್ಯವನ್ನು ಹಡಗಿನಲ್ಲಿ ತಂದು ರಿಚ್ಮಂಡಿನ ಹೊಸಿಲವರೆಗೆ ನಡೆಸಿ, ಜೂನ್ ಕೊನೆಯ ಏಳು ದಿನಗಳ ಕದನಗಳಲ್ಲಿ ಕಾನ್ಫೆಡರಸಿಯ ಜನರಲ್ ರಾಬರ್ಟ್ ಲೀಯ ಹೊಡೆತಕ್ಕೆ ಹಿಂದೆ ಸರಿದ. ಆಗಸ್ಟಿನಲ್ಲಿ ಬುಲ್ ರನ್ ಎರಡನೆಯ ಬಾರಿಯೂ ಕೈತಪ್ಪಿತು. ಲೀ ಮೇರಿಲೆಂಡಿಗೆ ನುಗ್ಗಿದ. ಸೆಪ್ಟೆಂಬರ್ 17ರಂದು ಆಂಟೀಟಮ್ ಹಳ್ಳದ ಬಳಿ ಒಂದೇ ದಿನ ಸುಮಾರು 23,000 ಸಾವುನೋವುಗಳಾಗಿ ಅವನು ಹಿಂದಿರುಗಬೇಕಾಯಿತು.

ಮೂರನೆಯ ಅಂಕಣ ಈ ವರ್ಷ ಕಿಕ್ಕಿರಿಯುತ್ತದೆ. ಏಪ್ರಿಲ್ 16ರಂದು ರಾಜಧಾನಿ ವಾಷಿಂಗ್ಟನ್ನಿನಲ್ಲಿ ಒಡೆಯರಿಗೆ ಪರಿಹಾರ ಕೊಟ್ಟು ಗುಲಾಮಗಿರಿಯನ್ನು ರದ್ದುಮಾಡಲಾಯಿತು. ಮೇ 13ರ ನಸುಕಿನಲ್ಲಿ ರಾಬರ್ಟ್ ಸ್ಮಾಲ್ಸ್ ಎಂಬ ಗುಲಾಮ ನಾವಿಕ, ಬಿಳಿಯ ಅಧಿಕಾರಿಗಳು ದಡದಲ್ಲಿ ಮಲಗಿದ್ದಾಗ, 'ಪ್ಲಾಂಟರ್' ಎಂಬ ಕಾನ್ಫೆಡರಸಿಯ ಹಡಗನ್ನು ಚಾರ್ಲ್ಸ್‌ಟನ್ ಬಂದರಿನಿಂದ ನಡೆಸಿಕೊಂಡು, ದಾರಿಯಲ್ಲಿ ಹೆಂಡತಿ ಮಕ್ಕಳನ್ನೂ ಹತ್ತಿಸಿಕೊಂಡು, ಕೋಟೆಗಳಿಗೆ ಸರಿಯಾದ ಸಂಕೇತ ಕೊಡುತ್ತಾ ಒಕ್ಕೂಟದ ನೌಕೆಗಳ ಬಳಿಗೆ ಒಯ್ದ. ಮುಂದೆ ಅವನು ಕಾಂಗ್ರೆಸ್ಸಿನ ಸದಸ್ಯನೂ ಆದ. ಜುಲೈ 17ರ ಎರಡನೆಯ ಜಪ್ತಿ ಕಾಯಿದೆ, ದಂಗೆಯೆದ್ದ ಒಡೆಯರ ಗುಲಾಮರು ಒಕ್ಕೂಟದ ಕೈಸೇರಿದೊಡನೆ ಸ್ವತಂತ್ರರೆಂದಿತು. ಅದೇ ತಿಂಗಳು ಲಿಂಕನ್ ತನ್ನ ಮಂತ್ರಿಗಳ ಮುಂದೆ, ದಂಗೆಯೆದ್ದ ರಾಜ್ಯಗಳ ಗುಲಾಮರು ಸ್ವತಂತ್ರರೆಂದು ಸಾರುವ ವಿಮೋಚನಾ ಘೋಷಣೆಯ ಕರಡನ್ನಿಟ್ಟ. ಸೋಲಿನ ನಡುವೆ ಹೊರಡಿಸಿದರೆ ಅದು ಕೊನೆಯುಸಿರಿನ ಕೂಗಿನಂತೆ ಕೇಳಿಸೀತೆಂದು ವಿದೇಶಾಂಗ ಮಂತ್ರಿ ಸಿವರ್ಡ್ ಸಲಹೆಯಿತ್ತದ್ದರಿಂದ ಗೆಲುವಿಗಾಗಿ ಕಾದ. ಆಂಟೀಟಮ್ ಆ ಗೆಲುವು. ಐದು ದಿನಗಳ ಬಳಿಕ, ಸೆಪ್ಟೆಂಬರ್ 22ರಂದು, ಪ್ರಾಥಮಿಕ ಘೋಷಣೆ ಹೊರಬಿತ್ತು. ಮೊದಲ ಅಂಕಣದ ಆಂಟೀಟಮ್‌ನಿಂದ ಮೂರನೆಯ ಅಂಕಣದ ಈ ದಿನಾಂಕಕ್ಕೆ ಒಂದು ಬಾಣ ಎಳೆಯಿರಿ. ಈ ಹಾಳೆಯ ಪ್ರಯೋಜನವೆಲ್ಲ ಇಂಥ ಬಾಣಗಳಲ್ಲಿದೆ.

1863ರ ಜನವರಿ 1ರ ಘೋಷಣೆಯ ವಿಷಯದಲ್ಲಿ ಎರಡು ತಪ್ಪುಗಳು ಚಾಲ್ತಿಯಲ್ಲಿವೆ. ಅಂದೇ ಎಲ್ಲ ಗುಲಾಮರೂ ಬಿಡುಗಡೆಯಾದರೆಂಬುದು ಹಳೆಯ ತಪ್ಪು. ಘೋಷಣೆ ಗಡಿ ರಾಜ್ಯಗಳಿಗಾಗಲಿ ಟೆನಿಸೀಗಾಗಲಿ ಅನ್ವಯಿಸಲಿಲ್ಲ. ಯಾರೂ ಬಿಡುಗಡೆಯಾಗಲಿಲ್ಲ ಎಂಬುದು ಇತ್ತೀಚಿನ ಜಾಣ ತಪ್ಪು. ಒಕ್ಕೂಟದ ವಶದಲ್ಲಿದ್ದ ದಕ್ಷಿಣ ಕೆರೊಲಿನಾದ ಕರಾವಳಿ ದ್ವೀಪಗಳಲ್ಲಿ ಸಾವಿರಾರು ಜನ ಆ ದಿನವೇ ಸ್ವತಂತ್ರರಾದರು. ಅದಕ್ಕಿಂತ ದೊಡ್ಡ ಮಾತೆಂದರೆ, ಸೈನ್ಯ ಮುಂದಿಟ್ಟ ಒಂದೊಂದು ಹೆಜ್ಜೆಯೂ ಇನ್ನು ಮೇಲೆ ಕಾನೂನಿನ ಪ್ರಕಾರ ಬಿಡುಗಡೆಯ ಹೆಜ್ಜೆಯಾಯಿತು, ಕರಿಯರಿಗೆ ಸೈನ್ಯದ ಬಾಗಿಲು ಅಧಿಕೃತವಾಗಿ ತೆರೆಯಿತು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 1,80,000 ಕರಿಯರು ಒಕ್ಕೂಟದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದರು. ಇದು ಆ ಸೈನ್ಯದ ಹತ್ತನೆಯ ಒಂದು ಪಾಲು. ಅವರಿಗೆ ಬಿಳಿಯ ಸೈನಿಕನ 13 ಡಾಲರಿನ ಬದಲು 10 ಡಾಲರ್ ಸಂಬಳ ಕೊಟ್ಟು, ಅದರಲ್ಲೂ ಬಟ್ಟೆಗೆಂದು 3 ಡಾಲರ್ ಮುರಿದುಕೊಳ್ಳುತ್ತಿದ್ದರು. ಸಮಾನ ಸಂಬಳಕ್ಕಾಗಿ 1864ರ ಜೂನ್‌ವರೆಗೆ ಕಾಯಬೇಕಾಯಿತು. 1863ರ ಜೂನ್ 2ರಂದು, ಹಿಂದೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಹ್ಯಾರಿಯೆಟ್ ಟಬ್ಮನ್ ದಾರಿ ತೋರಿದ ಕಂಬಾಹೀ ನದಿಯ ದಾಳಿಯಲ್ಲಿ 700ಕ್ಕೂ ಹೆಚ್ಚು ಗುಲಾಮರು ಬಿಡುಗಡೆಯಾದರು. ಜುಲೈ 18ರಂದು ಕರಿಯರ 54ನೆಯ ಮ್ಯಾಸಚೂಸೆಟ್ಸ್ ರೆಜಿಮೆಂಟು ವಾಗ್ನರ್ ಕೋಟೆಯ ಮೇಲೇರಿ ಹೋಯಿತು. ಕೋಟೆ ಬೀಳಲಿಲ್ಲ, ಆದರೆ ಕರಿಯರು ಕಾದಾಡಬಲ್ಲರೇ ಎಂಬ ಪ್ರಶ್ನೆ ಬಿತ್ತು.

ಈ ವರ್ಷದ ಪೂರ್ವದ ಅಂಕಣದಲ್ಲಿ ಮೇ ತಿಂಗಳ ಚಾನ್ಸಲರ್ಸ್‌ವಿಲ್ ಲೀಯ ಅತ್ಯಂತ ಚತುರ ಗೆಲುವು; ಅಲ್ಲಿಯೇ ಗಾಯಗೊಂಡ ಅವನ ಸೇನಾನಿ ಸ್ಟೋನ್‌ವಾಲ್ ಜಾಕ್ಸನ್ ಮೇ 10ರಂದು ಸತ್ತ. ಜುಲೈ 1ರಿಂದ 3ರವರೆಗಿನ ಗೆಟ್ಟಿಸ್‌ಬರ್ಗ್‌ನಲ್ಲಿ ಎರಡೂ ಕಡೆ ಸೇರಿ ಸುಮಾರು 51,000 ಸಾವುನೋವು. ಮರುದಿನವೇ, ಜುಲೈ 4ರಂದು, ಪಶ್ಚಿಮದಲ್ಲಿ 47 ದಿನಗಳ ಮುತ್ತಿಗೆಯ ಬಳಿಕ ವಿಕ್ಸ್‌ಬರ್ಗ್ ಗ್ರಾಂಟನಿಗೆ ಶರಣಾಯಿತು. ಸುಮಾರು 29,000 ಸೈನಿಕರು ಆಯುಧ ಕೆಳಗಿಟ್ಟರು. ಗೆಟ್ಟಿಸ್‌ಬರ್ಗ್‌ಗೆ ಹೆಸರು ಹೆಚ್ಚು. ನನ್ನ ಅಭಿಪ್ರಾಯದಲ್ಲಿ ವಿಕ್ಸ್‌ಬರ್ಗ್‌ಗೆ ತೂಕ ಹೆಚ್ಚು, ಏಕೆಂದರೆ ಗೆಟ್ಟಿಸ್‌ಬರ್ಗ್‌ನಿಂದ ಲೀಯ ಸೈನ್ಯ ಗಾಯಗೊಂಡರೂ ಒಡೆಯದೆ ಮನೆಗೆ ಹೋಯಿತು, ವಿಕ್ಸ್‌ಬರ್ಗ್‌ನಲ್ಲಾದರೆ ಒಂದು ಸೈನ್ಯವೇ ಇಲ್ಲವಾಯಿತು, ಮಿಸಿಸಿಪಿ ನದಿ ಪೂರ್ತಿಯಾಗಿ ಒಕ್ಕೂಟದ ಕೈಸೇರಿ ಕಾನ್ಫೆಡರಸಿ ಎರಡು ತುಂಡಾಯಿತು. ಆ ಹುಡುಗಿಯ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಉಳಿದರ್ಧ 1864ರಲ್ಲಿದೆ. ಮಾರ್ಚಿನಲ್ಲಿ ಗ್ರಾಂಟ್ ಎಲ್ಲ ಸೈನ್ಯಗಳ ಮುಖ್ಯಸ್ಥನಾಗಿ, ಎಲ್ಲ ರಣರಂಗಗಳಲ್ಲೂ ಒಟ್ಟಿಗೆ ಒತ್ತುವ ಯೋಜನೆ ಹಾಕಿದ. ಮೇ ತಿಂಗಳಲ್ಲಿ ವೈಲ್ಡರ್ನೆಸ್, ಸ್ಪಾಟ್ಸಿಲ್ವೇನಿಯಾ, ಜೂನ್ ಆರಂಭದಲ್ಲಿ ಕೋಲ್ಡ್ ಹಾರ್ಬರ್. ಪ್ರತಿ ಕದನದಲ್ಲೂ ಸಾವಿರಾರು ಜನರನ್ನು ಕಳೆದುಕೊಂಡರೂ ಹಿಂದಿನ ಸೇನಾಪತಿಗಳಂತೆ ಹಿಂದಿರುಗದೆ ಅವನು ದಕ್ಷಿಣಕ್ಕೇ ಸರಿಯುತ್ತಾ ಹೋದ. ಪೀಟರ್ಸ್‌ಬರ್ಗ್‌ನ ಮುಂದೆ ಅವನೂ ಲೀಯೂ ಕಂದಕ ತೋಡಿ ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಕುಳಿತರು. ಸಾವಿನ ಪಟ್ಟಿಗಳನ್ನು ಓದಿ ಉತ್ತರದ ಜನ ರೋಸಿಹೋಗಿದ್ದರು; ನವೆಂಬರಿನಲ್ಲಿ ಚುನಾವಣೆ. ಆಗಸ್ಟ್ 23ರಂದು ಲಿಂಕನ್ ತಾನು ಸೋಲುವುದು ಬಹುತೇಕ ಖಚಿತವೆಂದು ಒಂದು ಚೀಟಿಯಲ್ಲಿ ಬರೆದು, ಮಡಿಸಿ, ಒಳಗೇನಿದೆಯೆಂದು ತೋರಿಸದೆ ಮಂತ್ರಿಗಳಿಂದ ಹೊರಬದಿಗೆ ಸಹಿ ಹಾಕಿಸಿಕೊಂಡ. ದಕ್ಷಿಣ ಕಾದದ್ದೂ ಇದಕ್ಕೇ. ಸೆಪ್ಟೆಂಬರ್ 2ರಂದು ಒಕ್ಕೂಟದ ಜನರಲ್ ವಿಲಿಯಂ ಶೆರ್ಮನ್ ಅಟ್ಲಾಂಟಾವನ್ನು ಹಿಡಿದ ಸುದ್ದಿ ಬಂದು ಗಾಳಿ ತಿರುಗಿತು. ನವೆಂಬರ್ 8ರಂದು ಲಿಂಕನ್ ತನ್ನ ಎದುರು ನಿಂತಿದ್ದ ಅದೇ ಮೆಕ್ಲೆಲನ್ನನ್ನು, ಅಧ್ಯಕ್ಷನನ್ನು ಆರಿಸುವ ಚುನಾಯಕರ 212ಕ್ಕೆ 21 ಮತಗಳಿಂದ ಸೋಲಿಸಿದ. ಎರಡನೆಯ ಅಂಕಣದ ಅಟ್ಲಾಂಟಾದಿಂದ ಈ ಚುನಾವಣೆಗೂ, ಚುನಾವಣೆಯಿಂದ ಮೂರನೆಯ ಅಂಕಣಕ್ಕೂ ಬಾಣ ಎಳೆಯಿರಿ, ಏಕೆಂದರೆ 1865ರ ಜನವರಿ 31ರಂದು ಗುಲಾಮಗಿರಿಯನ್ನು ರದ್ದುಗೊಳಿಸುವ 13ನೆಯ ತಿದ್ದುಪಡಿ ಪ್ರತಿನಿಧಿ ಸಭೆಯಲ್ಲಿ 119ಕ್ಕೆ 56 ಮತಗಳಿಂದ ಅಂಗೀಕಾರವಾದದ್ದು ಈ ಗೆಲುವಿನ ಬಲದಿಂದ. ಅಷ್ಟರಲ್ಲಿ ಶೆರ್ಮನ್ ಅಟ್ಲಾಂಟಾದಿಂದ ಸವಾನಾದವರೆಗೆ ರೈಲುಹಳಿ ಕಿತ್ತು, ಕಣಜ ಬರಿದುಮಾಡಿ ಕಡಲು ಮುಟ್ಟಿದ್ದ. ಸಾವಿರಾರು ಗುಲಾಮರು ಅವನ ಸೈನ್ಯದ ಬೆನ್ನುಹತ್ತಿ ನಡೆದಿದ್ದರು. ಯುದ್ಧದುದ್ದಕ್ಕೂ ಹೀಗೆ ತಾವಾಗಿ ಹೊರಟು ಒಕ್ಕೂಟದ ನೆಲೆಗಳನ್ನು ಸೇರಿದವರು ನಾಲ್ಕೈದು ಲಕ್ಷ ಜನ ಎಂಬುದು ಸಾಮಾನ್ಯ ಅಂದಾಜು.

1865ರ ಮೊದಲ ಎರಡು ಅಂಕಣಗಳಿಗೆ ಹೆಚ್ಚು ಜಾಗ ಬೇಡ. ಏಪ್ರಿಲ್ 3ರಂದು ರಿಚ್ಮಂಡ್ ಬಿತ್ತು, ಹೊಕ್ಕ ಪಡೆಗಳಲ್ಲಿ ಕರಿಯರ ರೆಜಿಮೆಂಟುಗಳಿದ್ದವು. 9ರಂದು ಅಪೊಮ್ಯಾಟಾಕ್ಸ್‌ನಲ್ಲಿ ಲೀ ಶರಣಾದ. 14ರ ರಾತ್ರಿ ಲಿಂಕನ್ನನ ಮೇಲೆ ಗುಂಡು ಹಾರಿತು, ಮರುದಿನ ಬೆಳಗ್ಗೆ ಅವನು ತೀರಿಕೊಂಡ. 26ರಂದು ಕಾನ್ಫೆಡರಸಿಯ ಜನರಲ್ ಜಾನ್‌ಸ್ಟನ್ ಶೆರ್ಮನ್ನನಿಗೆ ಶರಣಾದ. ಒಟ್ಟು ಸತ್ತ ಸೈನಿಕರು 6,20,000 ಎಂಬುದು ಬಹುಕಾಲದ ಲೆಕ್ಕ; ಜನಗಣತಿಗಳನ್ನು ಹೋಲಿಸಿ ಮಾಡಿದ ಈಚಿನ ಲೆಕ್ಕ ಸುಮಾರು 7,50,000. ಇವರಲ್ಲಿ ಸುಮಾರು ಮೂರನೆಯ ಎರಡು ಪಾಲು ಜನ ಸತ್ತದ್ದು ಗುಂಡಿನಿಂದಲ್ಲ, ಭೇದಿ, ವಿಷಮಶೀತ ಜ್ವರಗಳಂಥ ರೋಗಗಳಿಂದ.

ನಮ್ಮ ನೆಲದ ಕಡೆಗೊಂದು ಗೆರೆ

ಹಾಳೆಯ ಬಲ ಅಂಚಿನಲ್ಲಿ ಪೆನ್ಸಿಲಿನಿಂದ ನಮ್ಮ ಕಡೆಯ ದಿನಾಂಕಗಳನ್ನು ಬರೆಯುವ ಅಭ್ಯಾಸವನ್ನೂ ಮಾಡಿಸುತ್ತೇನೆ. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯ ಸುಮಾರು ಐದರಲ್ಲಿ ನಾಲ್ಕು ಪಾಲು ದಕ್ಷಿಣದ ಗುಲಾಮರ ದುಡಿಮೆಯಿಂದ ಹೋಗುತ್ತಿತ್ತು. ಒಕ್ಕೂಟದ ನೌಕಾ ದಿಗ್ಬಂಧನದಿಂದ ಅದು ಕಟ್ಟಾದಾಗ ಲ್ಯಾಂಕಾಶೈರಿನ ಕಣ್ಣು ಇತ್ತ ಹೊರಳಿತು. 1840ರ ದಶಕದಲ್ಲೇ ಅಮೆರಿಕದ ಬೀಜ ಬಿತ್ತಿಸಿದ್ದ ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂತು, ಮುಂಬಯಿಯಲ್ಲಿ ಷೇರುಗಳ ಹುಚ್ಚು ಹತ್ತಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದುದರ ಹಿಂದೆ ಧಾರವಾಡದ ಹತ್ತಿಗೆ ಕಾರವಾರ ಬಂದರು ಬೇಕೆಂಬ ಲೆಕ್ಕಾಚಾರವಿತ್ತು. ಯುದ್ಧ ಮುಗಿದ 1865ರಲ್ಲೇ ಬೆಲೆ ಕುಸಿದು ಮುಂಬಯಿಯ ವ್ಯಾಪಾರಿಗಳು ದಿವಾಳಿಯೆದ್ದರು. ಬೆಂಗಳೂರಿನ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಜೋಲಾರಪೇಟೆಯಿಂದ ಮೊದಲ ರೈಲು ಬಂದ 1864ರ ಆಗಸ್ಟಿನಲ್ಲಿ ಗ್ರಾಂಟ್ ಪೀಟರ್ಸ್‌ಬರ್ಗ್‌ನ ಕಂದಕದಲ್ಲಿದ್ದ. ಈ ಕೊನೆಯದು ಕಾಕತಾಳೀಯ, ಆದರೆ ಒಮ್ಮೆ ಕೇಳಿದವರು ದಿನಾಂಕವನ್ನು ಮರೆಯುವುದಿಲ್ಲ.

ಪರೀಕ್ಷೆಯಲ್ಲಿ ಬರೆಯುವಾಗ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಓದಬೇಡಿ, ಬಾಣಗಳ ಜಾಡು ಹಿಡಿದು ಅಡ್ಡಡ್ಡ ಓದಿ. ಮನ್ರೋ ಕೋಟೆಯಿಂದ ಜಪ್ತಿ ಕಾಯಿದೆ, ಆಂಟೀಟಮ್‌ನಿಂದ ಘೋಷಣೆ, ಘೋಷಣೆಯಿಂದ ಕರಿಯ ಸೈನಿಕರು, ಅಟ್ಲಾಂಟಾದಿಂದ ಚುನಾವಣೆ, ಚುನಾವಣೆಯಿಂದ ತಿದ್ದುಪಡಿ: ಈ ಐದು ಬಾಣಗಳನ್ನು ಐದು ವಾಕ್ಯವೃಂದಗಳಾಗಿ ಬೆಳೆಸಿದರೆ, ಒಕ್ಕೂಟವನ್ನು ಉಳಿಸಲೆಂದು ಆರಂಭವಾದ ಯುದ್ಧ ಗುಲಾಮಗಿರಿಯನ್ನು ಮುಗಿಸುವ ಯುದ್ಧವಾಗಿ ಬದಲಾದ ಬಗೆ ಉತ್ತರದಲ್ಲಿ ತಾನಾಗಿ ಕಾಣುತ್ತದೆ. ಕದನಗಳ ಹೆಸರು ನಾಲ್ಕು ಕಡಿಮೆಯಾದರೂ ಚಿಂತೆಯಿಲ್ಲ.

ಕೊನೆಗೆ, ಗೆರೆ ಎಳೆಯುವಾಗಲೇ ನೆನಪಿಡಬೇಕಾದ ಒಂದು ಅಳತೆ. ಮೂರು ಅಂಕಣಗಳನ್ನೂ ಸಮಾನ ಉದ್ದಕ್ಕೆ ಎಳೆದವರೆಲ್ಲ ಮೂರನೆಯದರಲ್ಲಿ ಜಾಗ ಸಾಲದೆ ಪರದಾಡಿದ್ದಾರೆ. ಮೊದಲನೆಯದು ಏಪ್ರಿಲ್ 9ಕ್ಕೂ ಎರಡನೆಯದು ಏಪ್ರಿಲ್ ಕೊನೆಗೂ ಹೆಚ್ಚುಕಡಿಮೆ ಮುಗಿಯುತ್ತವೆ. ಮೂರನೆಯದರಲ್ಲಿ ಜೂನ್ 19 ಇನ್ನೂ ಬರಬೇಕು. ಟೆಕ್ಸಸ್ಸಿನ ಗ್ಯಾಲ್ವೆಸ್ಟನ್ನಿನಲ್ಲಿ ಒಕ್ಕೂಟದ ಜನರಲ್ ಗ್ರೇಂಜರ್ ಬಂದು ನೀವು ಸ್ವತಂತ್ರರೆಂದು ಆಜ್ಞೆ ಹೊರಡಿಸಿದ್ದು ಆ ದಿನ, ಘೋಷಣೆ ಹೊರಬಿದ್ದು ಎರಡೂವರೆ ವರ್ಷವಾದ ಮೇಲೆ. ಮೇರಿಲೆಂಡ್ 1864ರ ನವೆಂಬರಿನಲ್ಲೂ ಮಿಸೂರಿ 1865ರ ಜನವರಿಯಲ್ಲೂ ತಾವಾಗಿ ಗುಲಾಮಗಿರಿಯನ್ನು ಕೈಬಿಟ್ಟವು. ಆದರೆ ನೀವು ಬೇರೆ ಬಣ್ಣದಲ್ಲಿ ಗುರುತಿಸಿದ ಉಳಿದೆರಡು, ಕೆಂಟಕಿ ಮತ್ತು ಡೆಲವೇರ್, ಒಕ್ಕೂಟಕ್ಕೆ ನಿಷ್ಠವಾಗಿದ್ದ ರಾಜ್ಯಗಳಾಗಿಯೂ, 13ನೆಯ ತಿದ್ದುಪಡಿಗೆ ಸಾಕಷ್ಟು ರಾಜ್ಯಗಳ ಒಪ್ಪಿಗೆ ದೊರೆತ ಡಿಸೆಂಬರ್ 6ರವರೆಗೆ ಗುಲಾಮರನ್ನು ಇಟ್ಟುಕೊಂಡಿದ್ದವು. ಅದರ ಕೆಳಗೆ ಕರಿಯರಿಗೆ ಪೌರತ್ವ ಕೊಟ್ಟ 1868ರ 14ನೆಯ ತಿದ್ದುಪಡಿ, ಕರಿಯ ಗಂಡಸರಿಗೆ ಮತದ ಹಕ್ಕು ಕೊಟ್ಟ 1870ರ 15ನೆಯ ತಿದ್ದುಪಡಿ, 1877ರಲ್ಲಿ ದಕ್ಷಿಣದ ಕರಿಯರಿಗೆ ಒತ್ತಾಸೆಯಾಗಿ ನಿಂತಿದ್ದ ಕೇಂದ್ರದ ಸೈನ್ಯದ ಬೆಂಬಲ ಕೊನೆಗೊಂಡದ್ದು. ಆದ್ದರಿಂದ ಮೂರನೆಯ ಅಂಕಣವನ್ನು ಉಳಿದೆರಡಕ್ಕಿಂತ ಒಂದು ಗೇಣು ಉದ್ದ ಎಳೆಯಿರಿ, ಹಾಳೆ ಸಾಲದಿದ್ದರೆ ಕೆಳಗೆ ಇನ್ನೊಂದನ್ನು ಅಂಟಿಸಿಕೊಳ್ಳಿ.